ಕೂಸು ಹುಟ್ಟುವ ಮೊದಲೇ ಹೊದಿಕೆ

ಗುಳೇದಗುಡ್ಡದಲ್ಲಿ ಹುಟ್ಟಿದವರಿಗೆ ಮಗ್ಗ ಅಂದರೆ ವಿಶೇಷ ಏನೂ ಅಲ್ಲ. ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಖಟ್ ಖಟ್ ಸದ್ದಿಗೆ. ಖಣ ನೇಯುವವರು ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತರೆ ಮತ್ತೆ ಏಳುತ್ತಿದ್ದುದು ಊಟಕ್ಕೇ. ಅಂಥ ಊರಲ್ಲಿ ಬೆಳೆದು, ಒಂದು ದಿನವೂ ಲಾಳಿ ಮುಟ್ಟದೆ, ಬಿ.ಕಾಂ. ಮುಗಿಸಿ, ಮದುವೆಯಾಗಿ ಮಿಷಿಗನ್ ಸೇರಿ, ತಲೆ ನರೆತ ಮೇಲೆ ದುಡ್ಡು ಕೊಟ್ಟು ಮಗ್ಗ ತಂದವಳು ನಾನು. ಊರಲ್ಲಿ ಮಗ್ಗ ಮಾರಿ ಮಕ್ಕಳನ್ನು ಓದಿಸಿದರು. ಇಲ್ಲಿ ಓದು ಮುಗಿಸಿದವರು ಮಗ್ಗ ಕೊಳ್ಳುತ್ತಾರೆ. ಇದಕ್ಕೆ ಹಾಬಿ ಅಂತ ಹೆಸರು.

ಕಾರಣ ಮಗಳು. ಸಿಯಾಟಲ್‌ನಲ್ಲಿರುವ ಅವಳು ಬಸುರಿ ಅಂತ ಗೊತ್ತಾದ ಕೂಡಲೇ ನನ್ನ ತಲೆಗೆ ಹೊಳೆದದ್ದು ಕೈಯಿಂದ ನೇಯ್ದ ಬೇಬಿ ಬ್ಲಾಂಕೆಟ್. ಅಂಗಡಿಯಲ್ಲಿ ಇಪ್ಪತ್ತು ಡಾಲರಿಗೆ ಸಿಗುತ್ತದೆ, ನಿಜ. ಆದರೆ ಅಜ್ಜಿ ಆಗುವವಳಿಗೆ ಇಪ್ಪತ್ತು ಡಾಲರಿನ ಲೆಕ್ಕ ಹಿಡಿಸುವುದಿಲ್ಲ.

ಪೆಡಲ್ ತುಳಿಯುವ ದೊಡ್ಡ ಮಗ್ಗ ಹೊಸದು ಕೊಂಡರೆ ಹಳೇ ಕಾರಿನ ರೇಟು. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಮಾರುತ್ತಿದ್ದ ಬಿಳಿ ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಆಕೆ ನನ್ನನ್ನು ಹೆಣ್ಣು ನೋಡಲು ಬಂದವರ ಹಾಗೆ ಪ್ರಶ್ನೆ ಕೇಳಿದರು. ಮನೆ ಸ್ವಂತದ್ದಾ? ಬೆಕ್ಕು ಇದೆಯಾ? ಗಂಡನಿಗೆ ಒಪ್ಪಿಗೆ ಇದೆಯಾ? ಕೊನೆಯ ಪ್ರಶ್ನೆಗೆ ನಮ್ಮವರು ಉತ್ತರ ಹೇಳುವಷ್ಟರಲ್ಲಿ ನಾನು ಚೆಕ್ ಬರೆದಾಗಿತ್ತು.

ಮೇಪಲ್ ಮರದ ಮಗ್ಗ. ಬೇಸ್‌ಮೆಂಟಿನ ಮೆಟ್ಟಿಲ ತಿರುವಿನಲ್ಲಿ ಅದು ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಪೂರ್ತಿ ಬಿಚ್ಚಿ, ತುಂಡು ತುಂಡು ಇಳಿಸಿ, ಮತ್ತೆ ಜೋಡಿಸಿದರು. ಜೋಡಿಸಿದ ಮೇಲೆ ಒಂದು ಬೋಲ್ಟ್ ಮಿಕ್ಕಿತು. ನಮ್ಮವರು ಇಂಜಿನಿಯರ್. ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ಇದು ಎಕ್ಸ್‌ಟ್ರಾ ಕೊಟ್ಟಿರೋದು ಕಣೇ" ಎಂದು ಜೇಬಿಗೆ ಹಾಕಿಕೊಂಡರು.

ಆ ಸಂಭ್ರಮದಲ್ಲಿ ಊರಿಗೆ ವಿಡಿಯೋ ಕಾಲ್ ಮಾಡಿದೆ. ಅವ್ವ ಕನ್ನಡಕ ಏರಿಸಿ ನೋಡಿದಳು.

"ಅದೇನವಾ, ಮಂಚಾನ?"

"ಮಗ್ಗ ಅವ್ವಾ. ಕೂಸಿಗೆ ಹೊಚ್ಚಾಕ ನೇಯ್ತೀನಿ."

ಅವ್ವನ ಮುಖ ಬದಲಾಯಿತು. "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸಿದ್ರಂತ, ಹಂಗಾತು ನಿಂದು. ಹುಟ್ಟೂತನಾ ಕೂಸಿನ ಸಾಮಾನು ಮನ್ಯಾಗ ಇಡಬಾರದು. ಗೊತ್ತಿಲ್ಲೇನ ನಿನಗ?"

ಗೊತ್ತಿತ್ತು. ಆದರೆ ಕೂಸು ಹುಟ್ಟಿದ ಮೇಲೆ ನೇಯಲು ಕೂತರೆ ಅದರ ಮದುವೆಗೆ ಮುಗಿದೀತು. ಬಹಳ ಹೊತ್ತು ವಾದ ನಡೆದು, ಕೊನೆಗೆ ಅವ್ವನೇ ಒಂದು ದಾರಿ ಹುಡುಕಿದಳು. ನೇಯಬಹುದು. ಆದರೆ ಮಗ್ಗದಿಂದ ಕತ್ತರಿಸಬಾರದು. ಮಗ್ಗದ ಮೇಲೆ ಇರುವತನಕ ಅದು ಬರೀ ನೂಲು. ಕತ್ತರಿಸಿದರೆ ಮಾತ್ರ ಬಟ್ಟೆ. ಯಾವ ವಕೀಲರೂ ಇಷ್ಟು ಚೆನ್ನಾಗಿ ವಾದ ಮಾಡಲಾರರು. ಮುಂದಿನ ಅನಾಹುತಕ್ಕೆಲ್ಲ ಬುನಾದಿ ಬಿದ್ದದ್ದು ಅಲ್ಲೇ.

ಬಣ್ಣದ ಜಗಳ ಬೇರೆ. ಹುಟ್ಟುವುದು ಗಂಡೋ ಹೆಣ್ಣೋ ಮೊದಲೇ ತಿಳಿದುಕೊಳ್ಳುವುದಿಲ್ಲ ಅಂತ ಮಗಳು ತೀರ್ಮಾನ ಮಾಡಿದ್ದಳು. ಆದ್ದರಿಂದ ಬೂದಿ ಬಣ್ಣ ಇರಲಿ ಎಂದಳು. ಇಲ್ಲಿನ ಈಗಿನ ಮಕ್ಕಳ ಕೋಣೆಗಳನ್ನು ನೋಡಿದ್ದೀರಾ? ಗೋಡೆ ಬೂದಿ, ತೊಟ್ಟಿಲು ಬೂದಿ, ಗೊಂಬೆ ಆನೆಯೂ ಬೂದಿ. ಆನೆ ಹೇಗೂ ಬೂದಿ ಬಣ್ಣವೇ, ಬಿಡಿ. ಅವ್ವ ಮಾತ್ರ, "ಹಸಗೂಸಿಗೆ ಬೂದಿ ಬಣ್ಣೇನ? ಇಳಕಲ್ ಸೀರಿ ಹಂಗ ದಾಳಿಂಬ್ರಿ ಕೆಂಪ ಹಾಕು" ಎಂದಳು. ಇಬ್ಬರಿಗೂ ಹೂಂ ಎಂದು, ಕೆನೆ ಬಣ್ಣದ ಮೈಗೆ ಎರಡೂ ಕಡೆ ದಾಳಿಂಬರ ಕೆಂಪು ಅಂಚು ಇಟ್ಟೆ.

ನೇಯುವುದು ಸುಲಭ. ಇದು ಯಾರೂ ಹೇಳದ ಗುಟ್ಟು. ನೇಯುವ ಮೊದಲಿನ ಕೆಲಸ ಇದೆಯಲ್ಲ, ಅದೇ ಜೀವ ತಿನ್ನುವುದು. ನಾನು ತಂದ ಹತ್ತಿ ನೂಲು ಒಂದು ಪೌಂಡಿಗೆ 3,360 ಗಜ ಬರುತ್ತದೆ. ಅಂದರೆ ಒಂದು ಉಂಡೆಯಲ್ಲಿ 3 ಕಿಲೋಮೀಟರಿಗೂ ಜಾಸ್ತಿ ನೂಲು. ಎಳೆಗಳನ್ನು ಬಾಚಣಿಗೆಯ ಹಾಗೆ ಬಿಡಿಸಿ ಹಿಡಿಯುವ ಹಣಿಗೆಯಲ್ಲಿ ಹೊದಿಕೆಯ ಅಗಲ 42 ಇಂಚು, ಇಂಚಿಗೆ 20 ಎಳೆ, ಒಟ್ಟು ಹಾಸು, ಅಂದರೆ ಉದ್ದಕ್ಕೆ ಬರುವ ನೂಲು, 840 ಎಳೆ. ಈ 840 ಎಳೆಗಳನ್ನೂ ಒಂದೊಂದಾಗಿ ಸಣ್ಣ ತಂತಿಯ ಕಣ್ಣಿನಲ್ಲಿ ತೂರಿಸಬೇಕು. ಯಾವ ಎಳೆ ಯಾವ ಕಣ್ಣಿಗೆ ಅಂತ ಲೆಕ್ಕ ಇದೆ. ಮುನ್ನೂರನೆಯದು ತಪ್ಪಿದರೆ ಅದು ಗೊತ್ತಾಗುವುದು ಎಂಟುನೂರ ನಲವತ್ತೂ ಮುಗಿದ ಮೇಲೆ. ಜೇಡರ ದಾಸಿಮಯ್ಯನವರು ನೇಯುವ ಕಾಯಕ ಮಾಡುತ್ತಲೇ ವಚನ ಹೇಳಿದರು. ಚಾಳೀಸು ಏರಿಸಿಕೊಂಡು ಕೂತ ನನ್ನ ಬಾಯಿಂದ ಬಂದ ಮಾತುಗಳಿಗೆ ರಾಮನಾಥ ಎಂಬ ಅಂಕಿತ ಹಾಕುವ ಹಾಗಿರಲಿಲ್ಲ.

ಹಾಸನ್ನು ಹಿಂದಿನ ದಿಂಡಿಗೆ ಸುತ್ತುವುದಕ್ಕೆ ಇಬ್ಬರು ಬೇಕು. ಒಬ್ಬರು ತಿರುಗಿಸುವುದು, ಇನ್ನೊಬ್ಬರು ಎದುರು ನಿಂತು ಎಳೆಗಳ ಕಟ್ಟನ್ನು ಬಿಗಿಯಾಗಿ ಹಿಡಿಯುವುದು. ನಮ್ಮವರು ಹಿಡಿದರು. ಆ ಹೊತ್ತಿಗೇ ಅವರ ಆಫೀಸಿನ ಮೀಟಿಂಗು. ಕಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡು, ಕೈಯಲ್ಲಿ ಹಾಸು ಹಿಡಿದು, ಮ್ಯೂಟಿನಲ್ಲಿ ನಿಂತರು. ಮಧ್ಯದಲ್ಲಿ ಯಾರೋ ಅವರ ಹೆಸರು ಕರೆದರು. ಮ್ಯೂಟ್ ತೆಗೆಯಲು ಕೈ ಬೇಕಲ್ಲ? ಬಿಟ್ಟರು. ಬಿಗಿಯಾಗಿದ್ದ 840 ಎಳೆ ಒಂದೇ ಸಲಕ್ಕೆ ಸಡಿಲಾಗಿ, ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿತ್ತು. ನಾನು ಕೂಗಿದ್ದು ಅವರ ಮೀಟಿಂಗಿನಲ್ಲಿ ಎಲ್ಲರಿಗೂ ಕೇಳಿಸಿತು. ಆ ಕ್ವಾರ್ಟರಿನ ಬಜೆಟ್ ಬಗ್ಗೆ ಅದು ನಮ್ಮವರ ಅಭಿಪ್ರಾಯ ಅಂತ ಅಲ್ಲಿದ್ದವರು ತಿಳಿದರಂತೆ.

ಚಳಿಗಾಲ ಬಂತು. ಹೀಟರ್ ಹಾಕಿದ ಮನೆಯಲ್ಲಿ ಗಾಳಿ ಒಣಗಿ ಹಪ್ಪಳ. ಹತ್ತಿ ನೂಲು ಒಣಗಿದರೆ ಪಟ್ ಪಟ್ ಹರಿಯುತ್ತದೆ. ಹರಿದ ಎಳೆ ಕೆಚ್ಚುವುದರಲ್ಲೇ ಸಂಜೆಗಳು ಕಳೆದವು. ಅವ್ವನನ್ನು ಕೇಳಿದೆ.

"ಕುಣಿ ತೋಡು. ನೆಲದಾಗಿನ ಥಂಡಿಗೆ ನೂಲು ಮೆತ್ತಗಿರ್ತೈತಿ."

ನಮ್ಮೂರ ಮಗ್ಗಗಳು ಕುಣಿಯಲ್ಲಿ ಇರುವುದಕ್ಕೆ ಅದೂ ಒಂದು ಕಾರಣ. ಮಣ್ಣಿನ ತೇವ ನೂಲಿಗೆ ತಾಗುತ್ತದೆ. ನಮ್ಮವರಿಗೆ ಹೇಳಿದೆ. "ಬೇಸ್‌ಮೆಂಟಿನ ಕೆಳಗೆ ಇನ್ನೊಂದು ಬೇಸ್‌ಮೆಂಟಾ?" ಎಂದು ಎದ್ದು ಹೋದವರು ಸಂಜೆ ಗಾಳಿಗೆ ನೀರಿನ ಹಬೆ ಬಿಡುವ ಯಂತ್ರ ತಂದರು. ನೂಲು ಸರಿಹೋಯಿತು. ಬೇಸ್‌ಮೆಂಟಿನಲ್ಲಿಟ್ಟಿದ್ದ ಅಕ್ಕಿಮೂಟೆಗೆ ಬೂಷ್ಟು ಹಿಡಿಯಿತು.

ಅಂತೂ ನೇಯ್ದು ಮುಗಿಸಿದೆ. ಜೇನುಗೂಡಿನಂಥ ಚೌಕುಳಿ ಬರುವ ನೇಯ್ಗೆ, ಇಲ್ಲಿ ವಾಫಲ್ ಅನ್ನುತ್ತಾರೆ. ಒಗೆದರೆ ಕಾಲು ಭಾಗ ಕುಗ್ಗಿ, ಚೌಕಗಳು ಗುಳಿ ಬಿದ್ದು ಮೆತ್ತಗಾಗುತ್ತವೆ. ಅದನ್ನೂ ಲೆಕ್ಕ ಹಿಡಿದಿದ್ದೆ. ಆದರೆ ಕತ್ತರಿಸುವ ಹಾಗಿಲ್ಲ. ಹೊದಿಕೆ ಮಗ್ಗದ ಮೇಲೆಯೇ ಕೂತಿತು. ನನಗೆ ಬೇರೆ ಏನನ್ನೂ ನೇಯುವ ಹಾಗಿಲ್ಲ. ಕನ್ನಡ ಕೂಟದ ಗೆಳತಿಯರು ಬಂದಾಗ ಎಲ್ಲರನ್ನೂ ಕೆಳಗೆ ಕರೆದೊಯ್ದು ದೇವರ ದರ್ಶನ ಮಾಡಿಸಿದ ಹಾಗೆ ತೋರಿಸಿ ಕಳಿಸುತ್ತಿದ್ದೆ.

ಕೂಸು ಡಾಕ್ಟರು ಹೇಳಿದ ತಾರೀಖಿಗೆ ಮೊದಲೇ ಹೊರಟಿತು. ಸಿಕ್ಕಿದ ವಿಮಾನ ಹತ್ತಿ ಓಡಿದೆ. ಮೊಮ್ಮಗ. ಆಸ್ಪತ್ರೆಯಲ್ಲಿ ಅವನನ್ನು ಬಿಳಿ ಬಟ್ಟೆಯ ಮೇಲೆ ಗುಲಾಬಿ, ನೀಲಿ ಪಟ್ಟೆ ಇರುವ ಹೊದಿಕೆಯಲ್ಲಿ ಸುತ್ತಿ ಕೊಟ್ಟರು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಮೊದಲ ಫೋಟೋ ನೋಡಿ, ಹೆಚ್ಚುಕಡಿಮೆ ಎಲ್ಲರೂ ಅದೇ ಪಟ್ಟೆಯಲ್ಲಿ ಇರುತ್ತಾರೆ. ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ರಾತ್ರಿ ಹನ್ನೊಂದಕ್ಕೆ ನಮ್ಮವರಿಗೆ ಫೋನ್ ಮಾಡಿದೆ. ಮಿಷಿಗನ್‌ನಲ್ಲಿ ಆಗ ಎರಡು ಗಂಟೆ.

"ಮಗು ಹುಟ್ಟಿದೆ. ಕತ್ತರಿಸಿ."

"ಏನನ್ನ?"

ನೇಯ್ಗೆ ಮುಗಿದಲ್ಲಿಂದ ಗೇಣುದ್ದ ಎಳೆ ಬಿಟ್ಟು ಕತ್ತರಿಸಬೇಕು, ಎಳೆಗಳನ್ನು ಗಂಟು ಹಾಕಬೇಕು, ತಣ್ಣೀರಲ್ಲಿ ಅದೊಂದನ್ನೇ ಅದ್ದಿ ನೆರಳಲ್ಲಿ ಒಣಗಿಸಬೇಕು. ಇಷ್ಟನ್ನೂ ಹೇಳಿದೆ. ಅವರು ಹೂಂ ಎಂದರು. ನಿದ್ದೆಗಣ್ಣಿನ ಹೂಂ ಅದು. ನೇಯ್ಗೆ ಮುಗಿದ ಗೆರೆಗೇ ಸರಿಯಾಗಿ, ಸ್ಕೇಲ್ ಇಟ್ಟು, ಬಹಳ ನೀಟಾಗಿ ಕತ್ತರಿಸಿದರು. ಆಮೇಲೆ ವಾಷಿಂಗ್ ಮೆಷಿನ್ನಿಗೆ ಹಾಕಿದರು. ಬಿಸಿನೀರು. ಮಗುವಿನ ಬಟ್ಟೆ ಅಲ್ವಾ, ಕ್ರಿಮಿ ಸಾಯಬೇಕಂತೆ. ಅದರ ಮೇಲೆ ಡ್ರೈಯರ್.

ಅವರು ಸಿಯಾಟಲಿಗೆ ತಂದು ಬ್ಯಾಗಿನಿಂದ ತೆಗೆದಾಗ ನಾನು ಮೊದಲು ಗುರುತೇ ಹಿಡಿಯಲಿಲ್ಲ. 30 ಇಂಚು ಬರಬೇಕಾದ ಅಗಲ 26 ಆಗಿತ್ತು. ಎರಡೂ ತುದಿ ಬಿಚ್ಚಿಕೊಂಡು ಜೊಂಡಿನಂತೆ ನೇತಾಡುತ್ತಿತ್ತು. ದಾಳಿಂಬರ ಕೆಂಪು ಕರಗಿ ಇಡೀ ಹೊದಿಕೆ ಗುಲಾಬಿ. ಅದರ ಜೊತೆಗೇ ಒಗೆದಿದ್ದ ಅವರ ಬಿಳಿ ಬನಿಯನ್ನುಗಳೂ ಗುಲಾಬಿ. ಅವನ್ನು ಅವರು ಈಗಲೂ ಹಾಕುತ್ತಾರೆ.

"ಕ್ಯೂಟ್ ಆಗಿದೆ ಅಮ್ಮಾ" ಎಂದಳು ಮಗಳು. ಆಮೇಲೆ ಮೆಲ್ಲಗೆ ಹೇಳಿದಳು. ತೊಟ್ಟಿಲಲ್ಲಿ ಹೊದಿಕೆ ಇಡುವ ಹಾಗೇ ಇಲ್ಲ. ಮಗುವಿನ ಮುಖದ ಮೇಲೆ ಬಂದರೆ ಉಸಿರು ಕಟ್ಟೀತು ಅಂತ, ವರ್ಷ ತುಂಬುವವರೆಗೆ ಸಡಿಲ ಬಟ್ಟೆ, ದಿಂಬು, ಗೊಂಬೆ ಏನೂ ತೊಟ್ಟಿಲಲ್ಲಿ ಇರಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ಕೂಸಿಗೆ ಜಿಪ್ ಇರುವ ಚೀಲ ತೊಡಿಸಿ ಮಲಗಿಸುವುದು. ಸರಿಯಾದ ಮಾತೇ. ಅದಕ್ಕೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಮಗ್ಗ ಕೊಳ್ಳುವ ಮೊದಲು ಹೇಳಬಹುದಿತ್ತಲ್ಲೇ ಎಂದು ಕೇಳಿದೆ. "ನೀನು ಅಷ್ಟು ಖುಷಿಯಾಗಿದ್ದೆ" ಎಂದಳು.

ಹಾಗಂತ ಹೊದಿಕೆ ಸುಮ್ನೆ ಬಿದ್ದಿಲ್ಲ. ಮೊಮ್ಮಗನನ್ನು ಅದರ ಮೇಲೆ ಬೋರಲು ಹಾಕುತ್ತಾರೆ. ಹಾಲು ಕುಡಿಸಿ ತೇಗಿಸುವಾಗ ಅಳಿಯನ ಹೆಗಲ ಮೇಲೆ ಅದೇ ಇರುತ್ತದೆ. ವಾಫಲ್ ನೇಯ್ಗೆ ನೀರು ಚೆನ್ನಾಗಿ ಹೀರುತ್ತದೆ, ಇಲ್ಲಿ ತಟ್ಟೆ ಒರೆಸುವ ಬಟ್ಟೆಗಳನ್ನೂ ಹಾಗೇ ನೇಯುತ್ತಾರೆ. ಮೊನ್ನೆ ಅಳಿಯ ಅಡುಗೆಮನೆಯಲ್ಲಿ ಸಾರು ಚೆಲ್ಲಿದಾಗ ಅದರ ಕಡೆ ಕೈ ಚಾಚಿ, ನನ್ನ ಮುಖ ನೋಡಿ, ಟಿಶ್ಯೂ ತೆಗೆದುಕೊಂಡ.

ಈ ನಡುವೆ ಅವ್ವ ಕೊರಿಯರಿನಲ್ಲಿ ಕೌದಿ ಕಳಿಸಿದ್ದಳು. ಅವಳ ಹಳೇ ಸೀರೆಗಳು, ಅಪ್ಪನ ಧೋತರ, ನಾನು ಸಣ್ಣವಳಿದ್ದಾಗಿನ ಪರಕಾರದ ತುಂಡು, ಎಲ್ಲ ಪದರ ಪದರ ಇಟ್ಟು ಕೈಯಲ್ಲಿ ಹೊಲಿದದ್ದು. ಕೂಸು ಹುಟ್ಟುವ ಎಷ್ಟೋ ಮೊದಲೇ ಹೊಲಿದಿಟ್ಟಿದ್ದಳು ಅಂತ ಆಮೇಲೆ ಗೊತ್ತಾಯಿತು. ಕೇಳಿದರೆ, "ಹಳೀ ಅರಬಿಗೆ ದೋಷಿಲ್ಲ" ಎಂದಳು. ಮಗಳು ಅದನ್ನು ಬಿಡಿಸಿ ನೋಡಿದವಳೇ ಬೆರಗಾಗಿ, ಫೋಟೋ ತೆಗೆದು, ಇದು ಆರ್ಟ್ ಎಂದು ಹೇಳಿ, ಕೂಸಿನ ಕೋಣೆಯ ಬೂದಿ ಗೋಡೆಗೆ ಮರದ ಪಟ್ಟಿ ಬಡಿದು ನೇತುಹಾಕಿಸಿದಳು.

ವಿಡಿಯೋ ಕಾಲಿನಲ್ಲಿ ಅವ್ವನಿಗೆ ತೋರಿಸಿದೆವು. ಅವ್ವ ಕೂಸನ್ನು ನೋಡಿದಳು, ಕೂಸಿನ ಜಿಪ್ ಚೀಲ ನೋಡಿದಳು, ಗೋಡೆ ನೋಡಿದಳು.

"ಗ್ವಾಡಿಗೆ ಯಾಕ ಹೊಚ್ಚೀರಿ? ಗ್ವಾಡಿಗೆ ಥಂಡಿ ಆಕ್ಕೈತೇನು?"