ಊರ ದಾರಿಗೆ ಮುಳ್ಳು: 2020ರ ಮಾರ್ಚಿನಲ್ಲಿ ಹಳ್ಳಿಗಳು ಮಾಡಿದ್ದು ಸರಿಯೇ?

ಇಬ್ಬರು ಅಣ್ಣತಮ್ಮಂದಿರು. ಅಣ್ಣ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೇಸಾಯಗಾರ, ತಮ್ಮ ಮೈಸೂರಿನಲ್ಲಿದ್ದಾನೆ. ಕೊರೊನಾ ಶುರುವಾದಾಗ ಹಳ್ಳಿಗಳು ದಾರಿಗೆ ಬೇಲಿ ಹಾಕಿದ್ದು ಸರಿಯೋ ತಪ್ಪೋ ಅನ್ನುವ ಜಗಳ ಇವರಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಮೊದಲು ಅಣ್ಣನ ಮಾತು.

ಪರ: ಕೇಳುವವರು ಯಾರಾದರೂ ಬೇಕಿತ್ತು

ಮುಳ್ಳು ಕಡಿದವರಲ್ಲಿ ನಾನೂ ಒಬ್ಬ. ಮೊದಲೇ ಹೇಳಿಬಿಡುತ್ತೇನೆ. ಕೆರೆ ಏರಿಯ ಜಾಲಿ ಕಡಿದು, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು, ಅರಳಿಕಟ್ಟೆ ಹತ್ತಿರ ದಾರಿಗೆ ಅಡ್ಡ ಹಾಕಿದೆವು. ಅವತ್ತು ಮಾರ್ಚ್ 25, ಯುಗಾದಿ. ಬೆಳಗ್ಗೆ ಎಣ್ಣೆ ನೀರು ಹಾಕಿಕೊಂಡು ಬೇವು ಬೆಲ್ಲ ತಿಂದವರು ಮಧ್ಯಾಹ್ನ ಮಚ್ಚು ಹಿಡಿದು ಹೊರಟಿದ್ದೆವು.

ಯಾಕೆ ಹೊರಟೆವು ಅನ್ನುವುದು ಈಗ ಕೂತು ಮಾತಾಡುವವರಿಗೆ ಮರೆತುಹೋಗಿದೆ. ಹಿಂದಿನ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ನಡುರಾತ್ರಿಯಿಂದ 21 ದಿನ ದೇಶ ಬಂದ್ ಅಂದರು. ನಾಲ್ಕು ಗಂಟೆ ಟೈಮು. ಬೆಂಗಳೂರಿನಲ್ಲಿ ಗಾರೆ ಕೆಲಸ, ಗಾರ್ಮೆಂಟ್ಸ್, ಹೋಟೆಲು ಅಂತ ಇದ್ದವರಿಗೆ ಕೂಲಿ ನಿಂತುಹೋಯಿತು. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಊರಿಗೆ ಬರದೆ ಅವರಾದರೂ ಏನು ಮಾಡಬೇಕು? ಹಬ್ಬ ಬೇರೆ. ಬೆಂಗಳೂರು ಮೈಸೂರು ರಸ್ತೆಯಲ್ಲಿ ಬೈಕು, ಗೂಡ್ಸ್ ಆಟೋ, ಟೆಂಪೋ. ಒಂದು ಬೈಕಿನಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಮಧ್ಯೆ ಒಂದು ಮಿಕ್ಸಿ.

ಅವರೆಲ್ಲ ಬಂದು ಇಳಿಯುವ ಜಾಗ ಯಾವುದು? ನಮ್ಮಂಥ ಊರು. ಇನ್ನೂರು ಚಿಲ್ಲರೆ ಮನೆ. ಆರೋಗ್ಯ ಕೇಂದ್ರ 7 ಕಿಲೋಮೀಟರ್ ದೂರ. ಮನೆಗೊಬ್ಬರು ಸಕ್ಕರೆ ಕಾಯಿಲೆಯವರು. ನಮ್ಮ ಜಿಲ್ಲೆಯಲ್ಲಿ ಆಗಿನ್ನೂ ಒಂದೂ ಕೇಸು ಬಂದಿರಲಿಲ್ಲ. ಬರದೇ ಇರಲಿ ಅಂತ ನೋಡಿಕೊಂಡದ್ದು ತಪ್ಪೇ? ಯಾವ ಅಧಿಕಾರಿಯೂ ನಮ್ಮೂರಿಗೆ ಬಂದು ಹೀಗೆ ಮಾಡಿ, ಹಾಗೆ ಮಾಡಬೇಡಿ ಅಂದಿರಲಿಲ್ಲ. ನಮಗಿದ್ದ ತಿಳಿವಳಿಕೆ ಇಷ್ಟೇ: ರೋಗ ಜನರ ಜೊತೆ ಬರುತ್ತದೆ, ಮೈಯಲ್ಲಿ ಹೊಕ್ಕು 14 ದಿನದ ತನಕ ಕಾಣಿಸದೆಯೂ ಇರಬಹುದು. ಮಾಸ್ಕಿನ ವಿಷಯಕ್ಕೆ ಬಂದರೆ, ಕಾಯಿಲೆಯವರು, ಅವರನ್ನು ನೋಡಿಕೊಳ್ಳುವವರು ಹಾಕಿಕೊಂಡರೆ ಸಾಕು ಅಂತ ದೊಡ್ಡವರೇ ಹೇಳುತ್ತಿದ್ದರು. ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಅಂತ ಸರ್ಕಾರ ಹೇಳಿದ್ದು ಏಪ್ರಿಲಿನಲ್ಲಿ.

ನಮ್ಮ ಭಯ ಬರೀ ಭಯ ಅಲ್ಲ ಅನ್ನುವುದು ಮಾರನೆಯ ದಿನವೇ ಗೊತ್ತಾಯಿತು. 26ಕ್ಕೆ ನಂಜನಗೂಡಿನ ಔಷಧ ಕಾರ್ಖಾನೆಯ ಒಬ್ಬ ನೌಕರರಿಗೆ ಕೊರೊನಾ ಅಂತ ಸುದ್ದಿ. ಅವರು ವಿದೇಶಕ್ಕೆ ಹೋಗಿ ಬಂದವರಲ್ಲ. ಅಲ್ಲಿಂದ ಜೊತೆ ಕೆಲಸದವರು, ಅವರ ಮನೆಯವರು ಅಂತ 70ಕ್ಕೂ ಹೆಚ್ಚು ಜನಕ್ಕೆ ಹತ್ತಿತು. ಅವರಿಗೆ ಎಲ್ಲಿಂದ ಬಂತು ಅನ್ನುವುದು ಕೊನೆಗೂ ಬಗೆಹರಿಯಲಿಲ್ಲ. ಅಷ್ಟು ದೊಡ್ಡ ಕಾರ್ಖಾನೆ, ಓದಿದ ಜನ, ಹತ್ತಿರದಲ್ಲೇ ಮೈಸೂರು. ಅಲ್ಲೇ ಹಿಡಿಯೋಕೆ ಆಗಲಿಲ್ಲ, ನಾವು ಹಳ್ಳಿಯವರು ಏನು ಹಿಡಿಯುತ್ತಿದ್ದೆವು?

ಬೇಲಿ ಅಂದರೆ ಬರೀ ಮುಳ್ಳಲ್ಲ. ಅಲ್ಲಿ ಜನ ಇದ್ದರು. ಬೆಳಗ್ಗೆ ಆರರಿಂದ ರಾತ್ರಿ ಹತ್ತರ ತನಕ ಪಾಳಿ. ಒಂದು ನೋಟ್ ಬುಕ್ ಇಟ್ಟಿದ್ದೆವು. ಯಾರು ಬಂದರು, ಎಲ್ಲಿಂದ, ಯಾರ ಮನೆಗೆ, ಎಷ್ಟು ಗಂಟೆಗೆ, ಎಲ್ಲ ಬರೆದೆವು. ಹಾಲಿನ ವ್ಯಾನಿಗೆ, ಕಬ್ಬಿನ ಗಾಡಿಗೆ, ಆಂಬುಲೆನ್ಸಿಗೆ ಮುಳ್ಳು ಸರಿಸುತ್ತಿದ್ದೆವು. ಪಕ್ಕದೂರಿನವರು ಜೆಸಿಬಿ ತರಿಸಿ ರಸ್ತೆಯನ್ನೇ ಅಗೆದರು. ಅದನ್ನು ನಾನು ಒಪ್ಪುವುದಿಲ್ಲ. ಮುಳ್ಳು ಎಳೆಯೋಕೆ ಎರಡು ನಿಮಿಷ ಸಾಕು, ಗುಂಡಿ ಮುಚ್ಚೋಕೆ ಯಾರನ್ನು ಕರೆಯುತ್ತೀರಿ?

ಬೆಂಗಳೂರಿನಿಂದ ಬಂದ ನಮ್ಮೂರವರನ್ನು ವಾಪಸ್ ಕಳಿಸಲಿಲ್ಲ. ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ ಹದಿನಾಲ್ಕು ದಿನ ಇರಿ, ಊಟ ಕಳಿಸುತ್ತೇವೆ ಅಂದೆವು. ಇದೇನು ಹೊಸದಲ್ಲ. ಪ್ಲೇಗ್ ಬಂದಾಗ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಮ್ಮಜ್ಜಿ ಅವರಜ್ಜಿಯಿಂದ ಕೇಳಿ ನಮಗೆ ಹೇಳುತ್ತಿದ್ದಳು.

ಇನ್ನೊಂದು ಲಾಭ ಯಾರೂ ಹೇಳುವುದಿಲ್ಲ. ಯುಗಾದಿ ಮಾರನೆಯ ದಿನ ಹೊಸತೊಡಕು. ಮಂಡ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಡೂಟ, ನೆಂಟರಿಷ್ಟರು, ಮರದ ಕೆಳಗೆ ಇಸ್ಪೀಟು. ಮೂರು ದಿನ ಮುಂಚೆ, 22ರ ಸಂಜೆ 5 ಗಂಟೆಗೆ, ಜನತಾ ಕರ್ಫ್ಯೂ ಚಪ್ಪಾಳೆಗೆ ನಮ್ಮ ಹುಡುಗರು ಜಾಗಟೆ ಹೊಡೆದುಕೊಂಡು ಬೀದಿ ತುಂಬ ಮೆರವಣಿಗೆ ಮಾಡಿದ್ದರು. ರೋಗ ಓಡಿಸೋಕೆ ಗುಂಪು ಕಟ್ಟಿದ ಜನ ಹೊಸತೊಡಕಿಗೆ ಮನೆಯಲ್ಲಿ ಕೂರುತ್ತಿದ್ದರೇ? ಬೇಲಿ ಬಿದ್ದ ಮೇಲೆ ಕೂತರು. ದಾರಿಯಲ್ಲಿ ಮುಳ್ಳು ಕಂಡ ಮೇಲೇ ಇದು ಹುಡುಗಾಟ ಅಲ್ಲ ಅಂತ ಊರಿಗೆ ಅನ್ನಿಸಿದ್ದು. ಟಿವಿ ದಿನವಿಡೀ ಕೂಗಿದರೂ ಅನ್ನಿಸಿರಲಿಲ್ಲ.

28ಕ್ಕೆ ನನ್ನ ತಮ್ಮ ಮೈಸೂರಿನಿಂದ ಬೈಕಿನಲ್ಲಿ ಬಂದ. ಪಾಳಿಯಲ್ಲಿ ನಾನೇ ಇದ್ದೆ. ನಿಲ್ಲಿಸಿದೆ. ಹಿಂದಿನ ದಿನ ಬೇರೆಯವರ ಅಳಿಯನನ್ನು ನಿಲ್ಲಿಸಿದ್ದೆ. ಇವನನ್ನು ಬಿಟ್ಟಿದ್ದರೆ ಮಾರನೆಯ ದಿನ ಆ ಬೇಲಿಗೆ ಏನು ಬೆಲೆ ಇರುತ್ತಿತ್ತು? ಅವನು ತಂದ ಔಷಧಿ ಇಸಿದುಕೊಂಡು, ಅವ್ವನಿಗೆ ತಲುಪಿಸಿ, ಅವನನ್ನು ಕಳಿಸಿದೆ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆದರೂ ಮತ್ತೆ ಅಂಥ ದಿನ ಬಂದರೆ ಅದನ್ನೇ ಮಾಡುತ್ತೇನೆ.

ವಿರೋಧ: ಬೇಲಿ ತಡೆದದ್ದು ಯಾರನ್ನು?

ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಅದನ್ನು ಪಕ್ಕಕ್ಕಿಟ್ಟು ಮೊದಲು ಅಣ್ಣನ ಲೆಕ್ಕವನ್ನೇ ನೋಡೋಣ.

ಹಾಲಿನ ವ್ಯಾನಿಗೆ ಮುಳ್ಳು ಸರಿಸುತ್ತಿದ್ದೆವು ಅಂತ ಬರೆದಿದ್ದಾನೆ. ಆ ವ್ಯಾನು ಹತ್ತು ಊರು ಸುತ್ತಿ ಬರುತ್ತಿತ್ತು. ಅದರ ಡ್ರೈವರ್ ಇಳಿದು, ಡೈರಿ ಮುಂದೆ ನಿಂತು, ಬೀಡಿ ಹಚ್ಚಿ, ನಾಲ್ಕು ಮಾತಾಡಿ ಹೋಗುತ್ತಿದ್ದ. ನಮ್ಮೂರ ತರಕಾರಿಯವನು ಮಂಡ್ಯ ಮಾರ್ಕೆಟ್ಟಿಗೆ ಹೋಗಿ ನೂರಾರು ಜನರ ಮಧ್ಯೆ ನಿಂತು ವಾಪಸ್ ಬರುತ್ತಿದ್ದ. ಇವರು ಯಾರನ್ನೂ ತಡೆಯಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಹಾಲು ಹೋಗಲೇಬೇಕು, ತರಕಾರಿ ಬರಲೇಬೇಕು. ಆದರೆ ರೋಗ ಬರುವ ದಾರಿ ಅದೂ ಹೌದಲ್ವಾ? ಆ ಬೇಲಿ ಅಪಾಯ ನೋಡಿ ಆರಿಸಲಿಲ್ಲ, ಮುಖ ನೋಡಿ ಆರಿಸಿತು. ಊರಿಗೆ ಯಾರಿಂದ ಉಪಯೋಗವೋ ಅವರು ಒಳಗೆ, ಉಳಿದವರು ಹೊರಗೆ.

ಹೊರಗೆ ಉಳಿದವರು ಯಾರು ಅಂತಲೂ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ನಮ್ಮೂರಿಗೆ ಸೈಕಲ್ಲಿನಲ್ಲಿ, ಆಮೇಲೆ ಮೊಪೆಡ್ಡಿನಲ್ಲಿ ಹಣ್ಣು ತರುತ್ತಿದ್ದ ಒಬ್ಬರು ಸಾಬರು. ದೆಹಲಿಯ ತಬ್ಲೀಗಿ ಸಭೆಯ ಸುದ್ದಿ ಟಿವಿಯಲ್ಲಿ ಶುರುವಾದ ಮೇಲೆ ಅವರನ್ನು ಬೇಲಿಯ ಹತ್ತಿರಕ್ಕೂ ಬಿಡಲಿಲ್ಲ. ಅವರು ದೆಹಲಿ ಇರಲಿ, ಬೆಂಗಳೂರನ್ನೇ ಸರಿಯಾಗಿ ನೋಡಿದವರಲ್ಲ. ಆದರೆ ಅದೇ ವಾರ ಹಿಂದೂ ವ್ಯಾಪಾರಿಯೊಬ್ಬ ಕಲ್ಲಂಗಡಿ ತುಂಬಿದ ಗಾಡಿ ತಂದ. ಅದು ಒಳಗೆ ಹೋಯಿತು. ಇದನ್ನು ಅಣ್ಣ ಬರೆದಿಲ್ಲ. ಮರೆತಿರಬಹುದು. ಆಶಾ ಕಾರ್ಯಕರ್ತೆ ಮನೆಮನೆ ಸರ್ವೆಗೆ ಹೊರಟಾಗ, ನೀನು ಯಾರ್ಯಾರ ಮನೆ ಹೊಕ್ಕು ಬಂದಿದ್ದೀಯೋ ಅಂತ ಆಡಿದವರೂ ಬೇಲಿ ಕಾಯುವವರೇ. ಬಂದವರನ್ನು ಕೇಳಿ, ಬರೆದುಕೊಂಡು, ದಿನಾ ನೋಡಿ ಬರುವ ಕೆಲಸವನ್ನು ನಿಜವಾಗಿ ಮಾಡುತ್ತಿದ್ದದ್ದು ಆಕೆ.

ವದಂತಿ ನಂಬುವುದರಲ್ಲಿ ಪಟ್ಟಣದವರು ಏನೂ ಕಡಿಮೆ ಇರಲಿಲ್ಲ ಬಿಡಿ. ಕೋಳಿ ತಿಂದರೆ ಕೊರೊನಾ ಅಂತ ವಾಟ್ಸಾಪಿನಲ್ಲಿ ಬಂತು, ಕೋಳಿಯ ಬೆಲೆ ನೆಲ ಕಚ್ಚಿತು. ಅದೇ ಮಾರ್ಚಿನಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರವೂ ಕಾಣಿಸಿಕೊಂಡು ಕೋಳಿಗಳನ್ನು ಕೊಲ್ಲಬೇಕಾಯಿತು. ಎರಡೂ ಬೇರೆ ಬೇರೆ ಕಾಯಿಲೆ. ಯಾರು ಕೇಳಬೇಕು? ಹೊಸತೊಡಕಿಗೆ ಎಲ್ಲರೂ ಮಟನ್ ಅಂಗಡಿ ಮುಂದೆ ಒಬ್ಬರ ಮೇಲೊಬ್ಬರು ಬಿದ್ದರು. ಇಲ್ಲದ ರೋಗಕ್ಕೆ ಹೆದರಿ ಕೋಳಿ ಬಿಟ್ಟವರು, ಇರುವ ರೋಗದ ಮುಂದೆ ಮಟನ್ನಿಗೆ ಸಾಲು ನಿಂತರು. ನಾನೂ ನಿಂತಿದ್ದೆ.

ನಮ್ಮ ಬೀದಿಯಲ್ಲಿ ಒಂದು ಮನೆಗೆ ಹೋಮ್ ಕ್ವಾರಂಟೈನ್ ಚೀಟಿ ಅಂಟಿಸಿದರು, ಆ ಮನೆಯವರ ಕೈಗೆ ಮುದ್ರೆ ಒತ್ತಿದರು. ಮಾರನೆಯ ದಿನದಿಂದ ಎದುರು ಮನೆಯವರು ಕಿಟಕಿ ತೆಗೆಯಲಿಲ್ಲ, ಹಾಲಿನ ಹುಡುಗ ಆ ಗೇಟಿನ ಮುಂದೆ ನಿಲ್ಲಲಿಲ್ಲ. ಅವರಿಗೆ ರೋಗ ಇರಲೇ ಇಲ್ಲ. ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸ ಅಂತ ಹೇಳಿಕೊಳ್ಳೋಕೆ ಆ ದಿನಗಳಲ್ಲಿ ಜನ ಹೆದರುತ್ತಿದ್ದರು.

ನನ್ನ ತಕರಾರಿನ ಬೇರು ಇಲ್ಲಿದೆ. ಹೆದರಿಸಿದರೆ ಜನ ಮುಚ್ಚಿಡುತ್ತಾರೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುತ್ತಾರೆ. ನಮ್ಮೂರಿಗೆ ಅರಳಿಕಟ್ಟೆಯ ದಾರಿ ಒಂದೇನಾ ಇರೋದು? ನಾಲೆ ಏರಿಯ ಮೇಲೆ ನಡೆದು, ಕಬ್ಬಿನ ಗದ್ದೆ ಬದುವಿನಲ್ಲಿ ಇಳಿದರೆ ಸೀದಾ ಹಿಂದಿನ ಬೀದಿ. ಬೆಂಗಳೂರಿನಿಂದ ಬಂದ ಮೂರು ಮನೆಯವರು ರಾತ್ರಿ ಹೊತ್ತು ಹಾಗೇ ಊರು ಸೇರಿದ್ದರು. ಊರಿಗೆಲ್ಲ ಗೊತ್ತಿತ್ತು. ಅಣ್ಣನ ನೋಟ್ ಬುಕ್ಕಿಗೆ ಗೊತ್ತಿರಲಿಲ್ಲ. ಕದ್ದು ಬಂದವನಿಗೆ ಮೂರನೇ ದಿನ ಜ್ವರ ಬಂದರೆ ಅವನು ಆರೋಗ್ಯ ಕೇಂದ್ರಕ್ಕೆ ಹೋಗುತ್ತಾನಾ? ಬಾಗಿಲು ಹಾಕಿಕೊಂಡು ಕಷಾಯ ಕುಡಿಯುತ್ತಾನೆ. ಆ ಮೂರು ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದು ಅದೃಷ್ಟ, ಬೇಲಿಯ ಮಹಿಮೆ ಅಲ್ಲ.

ಪ್ಲೇಗಿನ ಕಥೆಯನ್ನೂ ಅಣ್ಣ ಅರ್ಧ ಹೇಳಿದ್ದಾನೆ. ಪ್ಲೇಗ್ ಹರಡುತ್ತಿದ್ದದ್ದು ಇಲಿಯ ಮೈಮೇಲಿನ ಚಿಗಟದಿಂದ. ಮನೆ ಬಿಟ್ಟು ಬಯಲಿಗೆ ಹೋದರೆ ಇಲಿಯಿಂದ ದೂರ ಹೋದ ಹಾಗೆ. ಅದಕ್ಕೇ ಗುಡಿಸಲು ಕೆಲಸ ಮಾಡಿತು. ಆಗ ಊರಿನವರೆಲ್ಲ ಒಟ್ಟಿಗೆ ಹೊರಗೆ ಹೋದರು. ಈ ಸಲ ಒಳಗಿದ್ದವರು ಒಳಗೇ ಇದ್ದುಕೊಂಡು ಹೊರಗಿದ್ದವರಿಗೆ ಬಾಗಿಲು ಹಾಕಿದರು. ಒಂದನ್ನು ತೋರಿಸಿ ಇನ್ನೊಂದನ್ನು ಸರಿ ಅನ್ನೋಕೆ ಬರುವುದಿಲ್ಲ. ನಮ್ಮ ಪಕ್ಕದಲ್ಲೇ, ಶ್ರೀರಂಗಪಟ್ಟಣದ ಗಂಜಾಂನಲ್ಲಿ, 1898ರಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಜನ ದಂಗೆ ಎದ್ದಿದ್ದರು. ರೋಗಿಯನ್ನು ಬೇರೆ ಇಡುವ ನಿಯಮ ತಪ್ಪೇನಲ್ಲ. ಆದರೆ ಮನೆಗೆ ನುಗ್ಗಿ ಎಳೆದುಕೊಂಡು ಹೋಗುತ್ತಾರೆ ಅನ್ನಿಸಿದರೆ ಯಾವ ಊರು ತಾನೇ ಸುಮ್ನೆ ಇರುತ್ತದೆ?

ಮೇ ತಿಂಗಳಿಗೆ ಬನ್ನಿ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಜನ ಮುಂಬೈಯಿಂದ ವಾಪಸ್ ಬಂದರು. ಎಷ್ಟೋ ವರ್ಷದಿಂದ ಅಲ್ಲಿ ಹೋಟೆಲ್ಲು, ಆಟೋ, ಕೂಲಿ ಅಂತ ದುಡಿದವರು. ಊರಲ್ಲಿ ಮಾರಮ್ಮನ ಗುಡಿ ಕಟ್ಟಿಸುವಾಗ ಅವರ ದುಡ್ಡು ಬೇಕು, ಹಬ್ಬಕ್ಕೆ ಅವರು ಬರಬೇಕು. ಈಗ ಅವರ ಹೆಸರೇ ಮಾರಿಯ ಹೆಸರಾಯಿತು. ಮಂಡ್ಯದಲ್ಲಿ ಆಗ ಸಿಕ್ಕ ಕೇಸುಗಳಲ್ಲಿ ಬಹುಪಾಲು ಮುಂಬೈಯಿಂದ ಬಂದವರದ್ದೇ ಅನ್ನುವುದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಸಿಕ್ಕದ್ದು ಹೇಗೆ? ಪಾಸು ಕೊಟ್ಟು ಕರೆಸಿಕೊಂಡು, ಹಾಸ್ಟೆಲ್ಲು, ಶಾಲೆಗಳಲ್ಲಿ ಇಳಿಸಿ, ಗಂಟಲ ದ್ರವ ತೆಗೆದು ನೋಡಿದ್ದಕ್ಕೆ. ಕ್ವಾರಂಟೈನ್ ಊಟ ಚೆನ್ನಾಗಿಲ್ಲ, ಬಾತ್‌ರೂಮ್ ಗಲೀಜು ಅಂತ ದೂರುಗಳು ಬೇಕಾದಷ್ಟು ಇದ್ದವು. ಇರಲಿ, ಬಂದವರು ಲೆಕ್ಕಕ್ಕಾದರೂ ಸಿಕ್ಕರು. ನಾಲೆ ಏರಿಯಲ್ಲಿ ಬಂದಿದ್ದರೆ ಸಿಗುತ್ತಿದ್ದರಾ?

ಇನ್ನು ಬೇಲಿಯ ಆಯುಷ್ಯ. ಮೇ 4ಕ್ಕೆ ಮದ್ಯದಂಗಡಿ ತೆಗೆದರು. ಪಾಳಿ ಕಾದ ಹುಡುಗರಲ್ಲಿ ಅರ್ಧ ಜನ ಅವತ್ತು ಮದ್ದೂರಿನಲ್ಲಿ ಸಾಲಿನಲ್ಲಿದ್ದರು. ಜಾಲಿಮುಳ್ಳು ಒಣಗಿತ್ತು, ಯಾರೋ ನೀರೊಲೆಗೆ ಒಯ್ದರು. 2021ರ ಬೇಸಿಗೆಯಲ್ಲಿ ಎರಡನೇ ಅಲೆ ಬಂದು ಹಳ್ಳಿಹಳ್ಳಿಗೂ ರೋಗ ನುಗ್ಗಿತು. ಆಗ ನಮ್ಮೂರಿಗೆ ಬೇಕಾಗಿದ್ದು ಆಕ್ಸಿಜನ್, ಬೆಡ್ಡು. ಅದಕ್ಕಾಗಿ ನಮ್ಮೂರವರು ಓಡಿ ಬಂದದ್ದು ಮೈಸೂರಿಗೆ, ಮಂಡ್ಯಕ್ಕೆ. ಅಲ್ಲಿ ಯಾರೂ ಮುಳ್ಳು ಹಾಕಿರಲಿಲ್ಲ.

ಈಗ 28ರ ವಿಷಯ. ಅವ್ವನಿಗೆ ದಿನಕ್ಕೆರಡು ಸಲ ಇನ್ಸುಲಿನ್ ಬೇಕು. ಊರ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಸ್ಟಾಕ್ ಇಲ್ಲ ಅಂತ ಅತ್ತಿಗೆ ಫೋನ್ ಮಾಡಿದ್ದರು. ಫ್ಲಾಸ್ಕಿಗೆ ಐಸು ತುಂಬಿ, ಅದರಲ್ಲಿ ಔಷಧಿ ಇಟ್ಟುಕೊಂಡು ಹೊರಟೆ. ಶ್ರೀರಂಗಪಟ್ಟಣದ ಹತ್ತಿರ ಪೊಲೀಸರು ನಿಲ್ಲಿಸಿ, ಡಾಕ್ಟರ ಚೀಟಿ ನೋಡಿ ಬಿಟ್ಟರು. ಅರಳಿಕಟ್ಟೆಯಲ್ಲಿ ಅಣ್ಣ ಬಿಡಲಿಲ್ಲ. "ಅಲ್ಲೇ ನಿಂತ್ಕೊ. ಕ್ವಾಪ ಮಾಡ್ಕಬ್ಯಾಡ ಕಣಪ್ಪ" ಅಂದ. ಹುಡುಗರು ಒಂದು ಗಳು ಚಾಚಿದರು. ಫ್ಲಾಸ್ಕಿನ ಚೀಲವನ್ನು ಅದರ ತುದಿಗೆ ನೇತು ಹಾಕಿದೆ. ಅವ್ವ ಆ ಕಡೆ ಚಪ್ಪರದ ನೆರಳಲ್ಲಿ ನಿಂತಿದ್ದಳು. "ಉಂಡ್ಕಂಡ್ ಬಂದ್ಯಾ ಮಗ?" ಅಂತ ಅಲ್ಲಿಂದಲೇ ಕೂಗಿದಳು.

ನಾನು ಮೈಸೂರಿನವನು, ನಂಜನಗೂಡಿನ ಸುದ್ದಿ ಬಂದು ಎರಡೇ ದಿನ ಆಗಿತ್ತು. ಅವ್ವನ ಹತ್ತಿರ ಹೋಗದೆ ಇದ್ದದ್ದು ಒಳ್ಳೆಯದೇ ಆಯಿತು ಅಂತ ಈಗ ಅನ್ನಿಸುತ್ತದೆ. ಹದಿನಾಲ್ಕು ದಿನ ಪಂಪ್‌ಸೆಟ್ ಮನೆಯಲ್ಲಿ ಇರು ಅಂದಿದ್ದರೆ ಇರುತ್ತಿದ್ದೆ. ಆ ಮಾತನ್ನು ನನಗೆ ಯಾರೂ ಹೇಳಲಿಲ್ಲ. ಬೆಂಗಳೂರಿನಿಂದ ಬಂದ ನಮ್ಮೂರವರಿಗೆ ಹೇಳಿದರು ಅಂತ ಅಣ್ಣನೇ ಬರೆದಿದ್ದಾನಲ್ಲ.

ಆ ನೋಟ್ ಬುಕ್ ಈಗಲೂ ಮನೆಯ ಅಟ್ಟದ ಮೇಲಿದೆ. ಹೋದ ಸಲ ಹಬ್ಬಕ್ಕೆ ಹೋದಾಗ ತೆಗೆದು ನೋಡಿದೆ. ಅಣ್ಣನ ಕೈಬರಹ. 28ನೇ ತಾರೀಖು, ಮಧ್ಯಾಹ್ನ 12.40. ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಊರು: ಮೈಸೂರು. ಯಾರ ಮನೆಗೆ ಅನ್ನುವ ಜಾಗ ಖಾಲಿ ಇತ್ತು.