ಉಂಗುರ ರೋಗ ತಡೆಯುವ ಕುಲಾಂತರಿ ಪರಂಗಿ ನಮ್ಮ ತೋಟಕ್ಕೆ ಬರಬಹುದೇ?

ಪರ: ರೋಗ ಕಂಡವರಿಗೆ ಗೊತ್ತು

ಚಿಂತಾಮಣಿಯ ಬಳಿ ನಮ್ಮ ಒಂದು ಎಕರೆ ಪರಂಗಿ ಹೋದ ವರ್ಷ ಉಂಗುರ ಚುಕ್ಕೆ ರೋಗಕ್ಕೆ ಬಲಿಯಾಯಿತು. ಸುಳಿಯ ಎಲೆಗಳು ಹಳದಿಯಾಗಿ ನೂಲಿನಂತೆ ಸೀಳಿಕೊಂಡವು. ಕಾಯಿಯ ಮೇಲೆ ಎಣ್ಣೆ ಮೆತ್ತಿದಂತೆ ಉಂಗುರಗಳೆದ್ದವು. ಈ ರೋಗದ ವೈರಸ್ ಹರಡುವ ಗಿಡಹೇನಿಗೆ ಔಷಧಿ ಹೊಡೆದದ್ದೇ ಬಂತು. ಅದು ಒಮ್ಮೆ ಚುಚ್ಚಿದರೆ ಸಾಕು, ಸಾಯುವ ಮೊದಲೇ ವೈರಸ್ ದಾಟಿಸಿರುತ್ತದೆ.

ಹವಾಯಿಯ ಪುನಾ ಪ್ರದೇಶಕ್ಕೆ 1992ರಲ್ಲಿ ಇದೇ ರೋಗ ಕಾಲಿಟ್ಟಿತು. ವೈರಸ್ಸಿನ ಹೊರಕವಚದ ಜೀನನ್ನೇ ಗಿಡಕ್ಕೆ ಸೇರಿಸಿದ ‘ರೇನ್‌ಬೋ’ ಎಂಬ ಕುಲಾಂತರಿ ತಳಿಯ ಬೀಜ 1998ರಲ್ಲಿ ರೈತರ ಕೈಸೇರಿದ ಮೇಲೆ ತೋಟಗಳು ಚೇತರಿಸಿಕೊಂಡವು. ಇಂಥ ಗಿಡದ ಪರಾಗ ಹಾರಿ ಪಕ್ಕದ ತೋಟದ ಸಾದಾ ಪರಂಗಿಗೆ ಬೆರೆಯುತ್ತದೆ ಎಂಬ ಭಯ ಹಲವರಿಗಿದೆ. ಪರಾಗ ಹಾರುವುದೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಪರಂಗಿ ಮಧ್ಯ ಅಮೆರಿಕದ ಕಡೆಯಿಂದ ಬಂದ ಬೆಳೆ. ಅದರೊಡನೆ ಬೆರೆಯುವ ಕಾಡು ತಳಿ ನಂದಿಬೆಟ್ಟದ ಸಾಲಿನಲ್ಲೆಲ್ಲೂ ಇಲ್ಲ. ದ್ವಿಲಿಂಗಿ ಹೂವು ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಪಕ್ಕದ ತೋಟದ ಪರಾಗ ಬಿದ್ದರೂ ಜೀನ್ ಸೇರುವುದು ಬೀಜಕ್ಕೆ, ತಿರುಳಿಗಲ್ಲ. ಬೀಜವನ್ನು ಹೇಗೂ ಕೆರೆದು ಎಸೆಯುತ್ತೇವೆ.

ವಿರೋಧ: ಎಸೆದ ಬೀಜ ಮೊಳೆಯುತ್ತದೆ

ಎಸೆಯುತ್ತೇವೆ, ನಿಜ. ಎಲ್ಲಿಗೆ? ಗುಬ್ಬಿಯ ಕಡೆ ನಮ್ಮೂರಿನಲ್ಲಿ ಬಚ್ಚಲ ನೀರು ಹರಿಯುವ ಜಾಗದಲ್ಲಿ ತಾನಾಗಿ ಎದ್ದ ಪರಂಗಿ ಗಿಡವಿಲ್ಲದ ಹಿತ್ತಿಲೇ ಅಪರೂಪ. ಅಮ್ಮ ಚೆನ್ನಾಗಿರುವ ಹಣ್ಣಿನ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಡಬ್ಬಿಯಲ್ಲಿಟ್ಟು ನೆಂಟರಿಗೆಲ್ಲ ಕೊಡುತ್ತಾರೆ. ಶ್ರೀನಿವಾಸಪುರದ ಮಾವು ಕಸಿಯ ಬೆಳೆ, ಯಾವ ಪರಾಗ ಬಿದ್ದರೂ ಮರ ಬದಲಾಗದು. ಪರಂಗಿ ಹಾಗಲ್ಲ, ಬೀಜದಿಂದಲೇ ಮುಂದುವರಿಯುತ್ತದೆ.

ಇನ್ನು ದ್ವಿಲಿಂಗಿ ಹೂವಿನ ಮಾತು. ನಮ್ಮ ಹಿತ್ತಿಲಲ್ಲಿ ಏಳುವುದು ಹೆಚ್ಚಾಗಿ ಗಂಡು ಅಥವಾ ಹೆಣ್ಣು ಗಿಡ. ಉದ್ದ ಜೋಲುವ ಹೂಗೊಂಚಲು ಕಂಡ ಕೂಡಲೇ ಗಂಡೆಂದು ಕಡಿಯುತ್ತೇವೆ. ಉಳಿದ ಹೆಣ್ಣು ಗಿಡದ ಹಣ್ಣಿನಲ್ಲಿ ಬೀಜ ತುಂಬುವುದೇ ಯಾರದೋ ತೋಟದಿಂದ ಬಂದ ಪರಾಗದಿಂದ. ಆ ಬೀಜವೇ ಅಮ್ಮನ ಡಬ್ಬಿ ಸೇರುತ್ತದೆ. ಒಳಗೇನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಗಾಳಿ, ಪತಂಗಗಳಿಗಿಂತ ಮನುಷ್ಯರ ಕೈ ದೂರ ಹೋಗುತ್ತದೆ. ಥಾಯ್ಲೆಂಡಿನ ಖೋನ್ ಕೇನ್ ಸಂಶೋಧನಾ ಕೇಂದ್ರದ ಕುಲಾಂತರಿ ಪರಂಗಿ ರೈತರ ಹೊಲಗಳಿಗೆ ಸೇರಿಹೋಗಿದ್ದು 2004ರಲ್ಲಿ ಬಯಲಾಯಿತು. ಜಪಾನ್ 2011ರವರೆಗೆ ಹವಾಯಿಯ ಕುಲಾಂತರಿ ಹಣ್ಣಿಗೆ ಬಾಗಿಲು ತೆರೆಯಲಿಲ್ಲ; ಅಲ್ಲಿಗೆ ಸಾದಾ ಪರಂಗಿ ಕಳುಹಿಸುತ್ತಿದ್ದ ಹವಾಯಿಯ ಬೆಳೆಗಾರರು ಮರಗಳನ್ನು ಪರೀಕ್ಷಿಸಿ, ತಮ್ಮದು ಬೆರಕೆಯಲ್ಲವೆಂದು ತೋರಿಸಬೇಕಾಗಿತ್ತು. ಬೇಡವೆಂದವರ ಮೇಲೆಯೇ ಹೊರೆ ಬಿತ್ತು.

ಚಿಂತಾಮಣಿಯ ರೈತರ ನಷ್ಟ ನನಗೂ ಸಂಕಟ ತರುತ್ತದೆ. ತಳಿ ತರುವವರು ಸುತ್ತಲಿನ ಗಿಡಗಳ ಪರೀಕ್ಷೆಯ ಖರ್ಚು ತಮ್ಮದೆಂದು ಮೊದಲು ಬರೆದುಕೊಡಲಿ. ಅಲ್ಲಿಯವರೆಗೆ ಬೇಡ.