ಸ್ಪಷ್ಟನೆ: ಗುಹೆ ಮೀನಿಗೆ ಕಣ್ಣಿಲ್ಲದಿರುವುದು ಕತ್ತಲಲ್ಲಿ ಬೆಳೆದದ್ದಕ್ಕಲ್ಲ

‘ಮೀನನ್ನು ಕತ್ತಲಲ್ಲಿಟ್ಟರೆ ಕಣ್ಣು ಮಾಯವಾಗುತ್ತದೆ, ಬೆಳಕಿಗೆ ತಂದರೆ ಮತ್ತೆ ಬರುತ್ತದೆ’ ಎಂದು ಮೆಕ್ಸಿಕೊದ ಗುಹೆ ಮೀನಿನ ಬಗ್ಗೆ ನಾನು ಕಳಿಸಿದ್ದ ಮೆಸೇಜ್ ಈಗ ಎಲ್ಲ ಕಡೆ ಓಡಾಡುತ್ತಿದೆ. ಅದು ತಪ್ಪು.

ಈ ಮೀನುಗಳಿಗೆ ಕಣ್ಣಿಲ್ಲ, ನಿಜ. ಆದರೆ ಅದು ಸಾವಿರಾರು ತಲೆಮಾರುಗಳಲ್ಲಿ ಆದ ಬದಲಾವಣೆ, ಹುಟ್ಟಿನಿಂದಲೇ ಬರುತ್ತದೆ. ಬೆಳಕಿನಲ್ಲಿ ಸಾಕಿದರೂ ಕಣ್ಣು ಬೆಳೆಯುವುದಿಲ್ಲ. ಭ್ರೂಣದಲ್ಲಿ ಕಣ್ಣು ಮೂಡಲು ಶುರುವಾಗಿ, ಆಮೇಲೆ ಕುಗ್ಗಿಹೋಗುತ್ತದೆ. 2000ರಲ್ಲಿ ಯಮಾಮೊಟೊ ಮತ್ತು ಜೆಫ್ರಿ ಎಂಬ ವಿಜ್ಞಾನಿಗಳು, ಹೊರಗಿನ ನೀರಿನಲ್ಲಿರುವ ಇದೇ ಜಾತಿಯ ಮೀನಿನ ಭ್ರೂಣದಿಂದ ಕಣ್ಣಿನ ಮಸೂರ ತೆಗೆದು ಗುಹೆ ಮೀನಿನ ಭ್ರೂಣಕ್ಕೆ ಕೂರಿಸಿದರು. ಆ ಬದಿಯ ಕಣ್ಣು ಬೆಳೆಯಿತು! ಎಷ್ಟು ಚೆಂದದ ಪ್ರಯೋಗ ಅಲ್ವಾ?

ಹಳೆಯ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಇದನ್ನೂ ಅವರಿಗೆ ಕಳಿಸಿ.